ಗಾಣದ ಹೊಗೆಯೂ ಗಾಳಿಯ ಲೆಕ್ಕವೂ

ಚಳಿಗಾಲದ ಬೆಳಗಿನ ಜಾವ ಮುಧೋಳ, ಮಹಾಲಿಂಗಪುರದ ಕಡೆ ಬಸ್ಸಿನಲ್ಲಿ ಹೋದವರು ಬೆಲ್ಲದ ಗಾಣಗಳ ಹೊಗೆಯನ್ನು ನೋಡಿರುತ್ತಾರೆ. ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಉರಿಯುತ್ತಿರುತ್ತದೆ. ಚಿಮಣಿಯಿಂದ ಹೊರಬಿದ್ದ ಹೊಗೆ ಸ್ವಲ್ಪ ಎತ್ತರ ಏರಿ, ಮುಂದೆ ಏರಲಾರದೆ, ಕಬ್ಬಿನ ಹೊಲಗಳ ಮೇಲೆ ಹಚ್ಚಡದಂತೆ ಹಾಸಿಕೊಳ್ಳುತ್ತದೆ. ಮಧ್ಯಾಹ್ನ ಅದೇ ಗಾಣದ ಮುಂದೆ ನಿಂತರೆ ಹೊಗೆ ಸರಸರನೆ ಮೇಲೇರಿ ಕರಗಿ ಹೋಗುತ್ತಿರುತ್ತದೆ. ಉರಿಯುವ ಸಿಪ್ಪೆ ಅಷ್ಟೇ ಇದೆ, ಬದಲಾದದ್ದು ಗಾಳಿ. ರಾತ್ರಿಯಿಡೀ ತಣಿದ ನೆಲಕ್ಕೆ ಅಂಟಿಕೊಂಡ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಬಿಸಿಲು ಬಲಿತಂತೆ ಆ ಮುಚ್ಚಳ ಸಡಿಲಗೊಂಡು, ಒಂದೆರಡು ಕಿಲೋಮೀಟರ್ ಎತ್ತರದವರೆಗಿನ ಗಾಳಿಯೆಲ್ಲ ಒಂದರೊಳಗೊಂದು ಕಲಸಿಕೊಳ್ಳುತ್ತದೆ.

ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡ್ ಕೂಡ ಹೀಗೆಯೇ ವರ್ತಿಸುತ್ತದೆ. ಹೊಲದ ಬದುವಿನಲ್ಲಿಟ್ಟ ಉಪಕರಣ ಬೆಳಿಗ್ಗೆ ಹೆಚ್ಚು ತೋರಿಸಿ ಮಧ್ಯಾಹ್ನ ಕಡಿಮೆ ತೋರಿಸಿದರೆ, ಆ ವ್ಯತ್ಯಾಸದಲ್ಲಿ ಬೆಳೆ ಹೀರಿಕೊಂಡದ್ದೆಷ್ಟು, ಗಾಳಿ ಮೇಲಕ್ಕೆ ಒಯ್ದದ್ದೆಷ್ಟು ಎಂಬುದನ್ನು ಆ ಅಂಕಿಯೊಂದೇ ಹೇಳಲಾರದು. ಅದಕ್ಕಾಗಿ ನೆಲದಿಂದ ಮೇಲಿನವರೆಗೆ ಪದರ ಪದರವಾಗಿ ಅಳೆಯಬೇಕು. ಸಂಶೋಧನಾ ವಿಮಾನಗಳು ಮಾಡುವ ಕೆಲಸ ಇದೇ.

ವಿಮಾನದೊಳಗಿನ ಉಪಕರಣವನ್ನು ವಿಜಯಪುರದವರಿಗೆ ವಿವರಿಸುವುದು ಸುಲಭ. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರುದನಿಸಿ ನಿಧಾನವಾಗಿ ಅಡಗುತ್ತದೆ. ಗುಮ್ಮಟದೊಳಗೆ ಅರಳೆ ತುಂಬಿದ್ದರೆ ಬೇಗನೆ ಅಡಗುತ್ತಿತ್ತು. ಇಲ್ಲಿ ದನಿಯ ಬದಲು ಲೇಸರ್ ಬೆಳಕು, ಗೋಡೆಯ ಬದಲು ಬಿದ್ದ ಬೆಳಕಿನಲ್ಲಿ ಶೇಕಡ 99.99ಕ್ಕೂ ಹೆಚ್ಚನ್ನು ಮರಳಿಸುವ ಕನ್ನಡಿಗಳು, ಅರಳೆಯ ಬದಲು ಅನಿಲ. ಗೇಣುದ್ದದ ಕೋಶದೊಳಗೆ ಬೆಳಕು ಸಾವಿರಾರು ಸಲ ಸುತ್ತಿ, ಹತ್ತಿಪ್ಪತ್ತು ಕಿಲೋಮೀಟರ್ ದಾರಿ ಸವೆಸಿ ಕುಂದುತ್ತದೆ. ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವ ಬಣ್ಣದ ಅತಿಗೆಂಪು ಬೆಳಕನ್ನೇ ಆರಿಸಿಕೊಂಡರೆ, ಅದು ಎಷ್ಟು ಮೈಕ್ರೋಸೆಕೆಂಡುಗಳಲ್ಲಿ ಕುಂದಿತು ಎಂಬುದರಿಂದ ಅನಿಲದ ಪ್ರಮಾಣ ತಿಳಿಯುತ್ತದೆ. ಈಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 420 ಭಾಗವಿರುವ ಈ ಅನಿಲದಲ್ಲಿ 0.1 ಭಾಗದ ಏರಿಳಿತವನ್ನೂ ಇಂಥ ಉಪಕರಣ ಗುರುತಿಸಬಲ್ಲದು.

ಆದರೆ ಅಷ್ಟು ಸೂಕ್ಷ್ಮವಾಗಿ ಅಳೆಯುವವನಿಗೆ ನೀರಾವಿಯೇ ದೊಡ್ಡ ತೊಡಕು. ಮಳೆಗಾಲದ ಬೆಳಗಾವಿಯ ಗಾಳಿಯಲ್ಲಿ ಶೇಕಡ 3ರಷ್ಟು ನೀರಾವಿ ಇದೆ ಎಂದುಕೊಳ್ಳಿ. ಆ ಆವಿ ಜಾಗ ಹಿಡಿದದ್ದರಿಂದಲೇ ಇಂಗಾಲದ ಡೈಆಕ್ಸೈಡಿನ ಲೆಕ್ಕ ಹನ್ನೆರಡು ಭಾಗದಷ್ಟು ಕಡಿಮೆ ತೋರುತ್ತದೆ. ನಾವು ಹುಡುಕುವ ವ್ಯತ್ಯಾಸ ಎಷ್ಟೋ ಸಲ ಅದಕ್ಕಿಂತ ಚಿಕ್ಕದು. ಆದ್ದರಿಂದ ಗಾಳಿಯನ್ನು ಮೊದಲು ಒಣಗಿಸುತ್ತಾರೆ, ಇಲ್ಲವೇ ಆವಿಯನ್ನೂ ಜೊತೆಯಲ್ಲೇ ಅಳೆದು ಲೆಕ್ಕ ತಿದ್ದುತ್ತಾರೆ. ಹಾರಾಟದ ನಡುವೆ ಪ್ರಮಾಣ ಗೊತ್ತಿರುವ ಗಾಳಿಯನ್ನು ಸಿಲಿಂಡರಿನಿಂದ ಹಾಯಿಸಿ, ಉಪಕರಣ ಸರಿಯಾದ ಅಂಕಿ ಕೊಡುತ್ತಿದೆಯೇ ಎಂದು ಪರೀಕ್ಷಿಸುವುದೂ ಉಂಟು.

ಎತ್ತರದಲ್ಲಿ ಅಳೆದದ್ದು ಎಂಥ ತಿಳಿವಳಿಕೆ ತಂದಿತು ಎಂಬುದಕ್ಕೆ ಅಮೆಜಾನ್ ಕಾಡಿನ ಉದಾಹರಣೆ ಸಾಕು. 2010ರಿಂದ 2018ರವರೆಗೆ ಬ್ರೆಜಿಲ್‌ನ ವಿಜ್ಞಾನಿಗಳು ನಾಲ್ಕು ಸ್ಥಳಗಳ ಮೇಲೆ ಚಿಕ್ಕ ವಿಮಾನಗಳನ್ನು ಹಾರಿಸಿದರು. ವಿಮಾನ ಸುಮಾರು 4.4 ಕಿಲೋಮೀಟರ್ ಎತ್ತರದಿಂದ ಸುತ್ತು ಹಾಕುತ್ತಾ ಮರಗಳ ಮೇಲೆ 300 ಮೀಟರ್‌ವರೆಗೆ ಇಳಿಯುತ್ತಿತ್ತು. ದಾರಿಯುದ್ದಕ್ಕೂ ಬೇರೆ ಬೇರೆ ಎತ್ತರದ ಗಾಳಿಯನ್ನು ಗಾಜಿನ ಕುಪ್ಪಿಗಳಲ್ಲಿ ಹಿಡಿದು ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದರು. ಹಾರಾಟದ ಹೊತ್ತು ನಡುಮಧ್ಯಾಹ್ನ, ಅಂದರೆ ಗಾಣದ ಹೊಗೆ ಮೇಲೇರುವ ಹೊತ್ತು. 590 ಹಾರಾಟಗಳ ಲೆಕ್ಕ ಕೂಡಿದಾಗ ಕಾಡಿನ ಆಗ್ನೇಯ ಭಾಗ ಹೀರುವುದಕ್ಕಿಂತ ಹೆಚ್ಚು ಇಂಗಾಲವನ್ನು ಹೊರಬಿಡುತ್ತಿದೆ ಎಂಬುದು ಖಚಿತವಾಯಿತು. ಇದಕ್ಕೆ ವಿಮಾನವೇ ಏಕೆಂದರೆ, ಮೋಡ ಕವಿದರೆ ಉಪಗ್ರಹಕ್ಕೆ ಕೆಳಗಿನ ಗಾಳಿ ಕಾಣುವುದಿಲ್ಲ. ನೆಲದ ಮೇಲಿನ ಗೋಪುರಕ್ಕೆ ಸುತ್ತಲಿನ ಕಾಡಿನ ಒಂದು ತುಂಡು ಮಾತ್ರ ಕಾಣುತ್ತದೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ದೆಹಲಿಯದು. ಜಪಾನಿನ ವಿಜ್ಞಾನಿಗಳು 2005ರಿಂದ ಜಪಾನ್ ಏರ್‌ಲೈನ್ಸ್‌ನ ಪ್ರಯಾಣಿಕ ವಿಮಾನಗಳಲ್ಲೇ ಉಪಕರಣವಿಟ್ಟು, ವಿಮಾನ ಏರಿಳಿಯುವಾಗಲೆಲ್ಲ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಮಹಾನಗರದ ಮೇಲೆ ಕೆಳಗಿಳಿದಂತೆ ಈ ಅನಿಲ ಹೆಚ್ಚಬೇಕು. ಆದರೆ ಜನವರಿಯಿಂದ ಮಾರ್ಚ್‌ವರೆಗೆ ದೆಹಲಿಯ ಮೇಲೆ ಅನೇಕ ದಿನ ಕೆಳಗಿಳಿದಂತೆ ಅದು ಕಡಿಮೆಯಾಗುತ್ತಿತ್ತು. ಕಾರಣ ಸುತ್ತಲಿನ ಬಯಲಿನ ಗೋಧಿ ಬೆಳೆ. ವಿಜಯಪುರದ ಡೋಣಿ ನದಿ ಸಾಲಿನ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ ಬೆಳೆಯುವವರು ಇದನ್ನು ಓದಿ ಹಿಗ್ಗಬೇಕು: ಒಂದು ಹಂಗಾಮಿನ ಬೆಳೆ ಹೀರಿಕೊಂಡ ಇಂಗಾಲ ವಿಮಾನದ ಉಪಕರಣಕ್ಕೆ ಸ್ಪಷ್ಟವಾಗಿ ಸಿಕ್ಕಿದೆ. ಬೆಳೆ ಕೊಯ್ದು ಉಂಡ ಮೇಲೆ ಆ ಇಂಗಾಲ ಮರಳಿ ಗಾಳಿ ಸೇರುವುದು ನಿಜವಾದರೂ, ಆ ಹೋಗುಬರುವಿಕೆಯನ್ನು ಬಿಟ್ಟು ನಗರದ ಹೊಗೆಯ ಲೆಕ್ಕ ಹಾಕಿದರೆ ತಪ್ಪುತ್ತದೆ.

ಇಂಗಾಲದ ಡೈಆಕ್ಸೈಡಿನಂತೆ ಭೂಮಿಯನ್ನು ಬಿಸಿಯಾಗಿಸುವ ಇನ್ನೊಂದು ಅನಿಲವಾದ ಮೀಥೇನ್‌ದು ಬೇರೆಯದೇ ಕಥೆ. ಜರ್ಮನಿಯ ವಿಜ್ಞಾನಿಗಳು ಲುಫ್ತಾನ್ಸಾ ವಿಮಾನದ ಸರಕು ಕೋಣೆಯಲ್ಲಿ ಉಪಕರಣಗಳ ಕಂಟೇನರ್ ಇರಿಸಿ, 2008ರಲ್ಲಿ ಫ್ರಾಂಕ್‌ಫರ್ಟ್‌ನಿಂದ ಚೆನ್ನೈಗೆ ಹಾರಿದಾಗ, ಮುಂಗಾರಿನ ತಿಂಗಳುಗಳಲ್ಲಿ ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲೂ ಮೀಥೇನ್ ಏರಿರುವುದು ಕಂಡಿತು. ಭತ್ತದ ಗದ್ದೆಗಳಿಂದ, ದನಕರುಗಳಿಂದ, ಜೌಗು ನೆಲದಿಂದ ಹೊರಟ ಅನಿಲವನ್ನು ಮುಂಗಾರಿನ ಮೋಡಗಳೇ ಮೇಲಕ್ಕೆ ಸೆಳೆದುಕೊಂಡಿದ್ದವು.

ಇದನ್ನೆಲ್ಲ ಓದುವಾಗ ನನ್ನ ಮನಸ್ಸು ಕೃಷ್ಣಾ ತೀರಕ್ಕೇ ಮರಳುತ್ತದೆ. ಕೂಡಗಿಯ 2400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ, ಬಾಗಲಕೋಟೆ ಕಡೆಯ ಸಿಮೆಂಟ್ ಕಾರ್ಖಾನೆಗಳು, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳು, ಕಟಾವಾದ ಹೊಲದಲ್ಲಿ ಸುಡುವ ರವದಿ, ಆಲಮಟ್ಟಿಯ ಹಿನ್ನೀರು, ಇವೆಲ್ಲ ಒಂದೇ ಬಯಲಿನಲ್ಲಿವೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಒಂದು ವಿಮಾನ ಹೊರಟರೆ ಮೊದಲು ಗಾಳಿ ಬರುವ ದಿಕ್ಕಿನಲ್ಲಿ, ಬಳಿಕ ಗಾಳಿ ಹೋಗುವ ದಿಕ್ಕಿನಲ್ಲಿ, ಹಲವು ಎತ್ತರಗಳಲ್ಲಿ ಅಡ್ಡಡ್ಡ ಹಾರಬೇಕು. ಎರಡೂ ಕಡೆಯ ಅಂಕಿಗಳ ವ್ಯತ್ಯಾಸವನ್ನು ಗಾಳಿಯ ವೇಗದಿಂದಲೂ, ಕಲಸಿದ ಪದರದ ಅಗಲ ಎತ್ತರಗಳಿಂದಲೂ ಗುಣಿಸಿದರೆ ನಡುವಿನ ನೆಲ ಗಂಟೆಗೆ ಎಷ್ಟು ಅನಿಲ ಬಿಟ್ಟಿತು ಎಂಬುದು ಸಿಗುತ್ತದೆ. ಈ ಹಾರಾಟಕ್ಕೆ ಮಧ್ಯಾಹ್ನದ ಬಿಸಿಲೇ ಬೇಕು. ಆದರೆ ಒಂದು ದಿನವಾದರೂ ನಸುಕಿನಲ್ಲಿ ಹೊರಟು, ಮಹಾಲಿಂಗಪುರದ ಮೇಲೆ ಸುತ್ತು ಹಾಕುತ್ತಾ ಇಳಿದು, ಆ ಹೊಗೆಯ ಹಚ್ಚಡದ ಮೇಲಂಚಿನಲ್ಲಿ ಅಂಕಿ ಎಷ್ಟು ಜಿಗಿಯುತ್ತದೆ ಎಂದು ನೋಡಬೇಕೆಂಬುದು ನನ್ನ ಆಸೆ.