ಲಿಂಕನ್ ಕೂಡ ವಕಾಲತ್ತು ಹಾಕುತ್ತಿದ್ದವರೇ ಸ್ವಾಮಿ

ತಿಂಗಳಿಗೊಮ್ಮೆಯಾದರೂ ಯಾರೋ ಒಬ್ಬರು ನನ್ನ ಆಫೀಸಿಗೆ ಬಂದು ಅಬ್ರಹಾಂ ಲಿಂಕನ್ ಹೆಸರಲ್ಲಿ ಬುದ್ಧಿ ಹೇಳಿ ಹೋಗುತ್ತಾರೆ. "ಲಿಂಕನ್ ಸತ್ಯದ ಕೇಸು ಬಿಟ್ಟು ಬೇರೆ ಮುಟ್ತಿರಲಿಲ್ವಂತೆ ಸಾರ್, ನೀವು ನೋಡಿದ್ರೆ ಆ ಕಡೆಯವರ ವಕಾಲತ್ತು ಹಾಕಿದ್ದೀರಿ!" ಹೋದ ವಾರ ಹೀಗೆಂದವರು ದೂರದ ನೆಂಟರು. ಅಣ್ಣತಮ್ಮಂದಿರ ಪಾಲಿನ ದಾವೆಯಲ್ಲಿ ನಾನು ತಮ್ಮನ ಪರ, ಇವರು ಅಣ್ಣನ ಮಾವ. ಕಾಫಿ ಕುಡಿದೇ ಬೈದರು.

ಲಿಂಕನ್ ಅಂದರೆ ನನಗೂ ಪ್ರೀತಿ. 1836ರಲ್ಲಿ ವಕೀಲಿಕೆಯ ಸನ್ನದು ಪಡೆದು, ಮರುವರ್ಷ ಅಮೆರಿಕದ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ಗೆ ಬಂದರು. ಮಧ್ಯೆ ರಾಜ್ಯದ ಶಾಸನಸಭೆ, ಒಂದು ಅವಧಿಗೆ ಕಾಂಗ್ರೆಸ್ ಅಂದರೆ ಅಲ್ಲಿನ ಸಂಸತ್ತು, ಎಲ್ಲ ಇತ್ತು. ಸಂಸಾರ ನಡೆಸಿದ್ದು ಮಾತ್ರ ವಕೀಲಿಕೆ. ಜಡ್ಜಿನ ಜೊತೆ ಊರೂರು ಸುತ್ತಿ, ಸಾಲ, ಜಮೀನು, ಮಾನನಷ್ಟ, ಕೊಲೆ, ಸಿಕ್ಕಿದ್ದನ್ನೆಲ್ಲ ನಡೆಸುತ್ತಿದ್ದರು.

ಈಗ ಎರಡು ಕೇಸು ನೋಡಿ. 1841ರಲ್ಲಿ ನ್ಯಾನ್ಸ್ ಎಂಬ ಕಪ್ಪು ಹುಡುಗಿಯ ಮಾರಾಟದ ವ್ಯವಹಾರ ಇಲಿನಾಯ್ ಸುಪ್ರೀಂ ಕೋರ್ಟಿಗೆ ಬಂತು. ಈ ರಾಜ್ಯದಲ್ಲಿ ಮನುಷ್ಯರೆಲ್ಲ ಸ್ವತಂತ್ರರೆಂದೇ ಕಾನೂನು ಭಾವಿಸಬೇಕು, ಹಾಗಾಗಿ ಮಾರಾಟವೇ ಅಸಿಂಧು ಎಂಬ ವಾದ ಗೆದ್ದಿತು. ಲಿಂಕನ್ ಗೆದ್ದರು. ಆದರೆ ಅವರ ಕಕ್ಷಿದಾರ ನ್ಯಾನ್ಸ್ ಅಲ್ಲ! ಅವಳನ್ನು ಕೊಳ್ಳಲು ಪ್ರಾಮಿಸರಿ ನೋಟು ಬರೆದುಕೊಟ್ಟು, ಆಮೇಲೆ ದುಡ್ಡು ಕೊಡಲ್ಲ ಎಂದವನು.

ಆರು ವರ್ಷದ ನಂತರ, 1847ರಲ್ಲಿ, ಅದೇ ಲಿಂಕನ್ ರಾಬರ್ಟ್ ಮ್ಯಾಟ್ಸನ್ ಎಂಬ ಗುಲಾಮರ ಒಡೆಯನ ಪರ ನಿಂತರು. ಈತ ಗುಲಾಮಗಿರಿ ನಡೆಯುತ್ತಿದ್ದ ಕೆಂಟಕಿ ರಾಜ್ಯದಿಂದ ಗುಲಾಮರನ್ನು ತಂದು ಇಲಿನಾಯ್‌ನ ತನ್ನ ಹೊಲದಲ್ಲಿ ದುಡಿಸುತ್ತಿದ್ದ. ಜೇನ್ ಬ್ರಯಂಟ್ ಎಂಬಾಕೆ ಮಕ್ಕಳನ್ನು ಕಟ್ಟಿಕೊಂಡು ತಪ್ಪಿಸಿಕೊಂಡಳು. ಇವರು ಇಲ್ಲಿ ನೆಲೆಸಿದವರಲ್ಲ, ಸುಗ್ಗಿಗೆ ಬಂದು ಹೋಗುವವರು, ಆದ್ದರಿಂದ ಒಡೆಯನಿಗೆ ವಾಪಸ್ ಕೊಡಬೇಕು ಎಂದು ಲಿಂಕನ್ ಕಡೆಯ ವಾದ. ಕೋರ್ಟು ಒಪ್ಪಲಿಲ್ಲ, ತಾಯಿ ಮಕ್ಕಳನ್ನು ಬಿಡುಗಡೆ ಮಾಡಿತು. ಓದಿದಾಗಲೆಲ್ಲ ನನಗೆ ಕಸಿವಿಸಿ. ಇತಿಹಾಸಕಾರರಿಗೂ ಇದು ಇವತ್ತಿಗೂ ಬಿಡಿಸದ ಗಂಟೇ. ನಾನು ಸಮರ್ಥನೆ ಮಾಡುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ.

ನಾನು ಹೇಳುವುದು ಇಷ್ಟೇ: ದಾವೆಯಲ್ಲಿ ಇರೋದು ಕಕ್ಷಿದಾರನ ಮಾತು, ವಕೀಲನ ಸ್ವಂತ ನಂಬಿಕೆ ಅಲ್ಲ. ಇನ್ನೊಮ್ಮೆ ಹೇಳುತ್ತೇನೆ, ಯಾಕಂದರೆ ಎಷ್ಟು ಹೇಳಿದರೂ ಇಳಿಯಲ್ಲ. ತಮ್ಮನ ಪರ ನಿಂತೆ ಅಂದರೆ ಅಣ್ಣ ಕೆಟ್ಟವನು ಅಂತ ನಾನು ತೀರ್ಪು ಕೊಟ್ಟ ಹಾಗಲ್ಲ. ತೀರ್ಪು ಕೊಡೋಕೆ ಮೇಲೆ ಒಬ್ಬರು ಕೂತಿದ್ದಾರೆ, ಆ ಕಡೆಗೂ ಒಬ್ಬ ವಕೀಲ ಇದ್ದಾನೆ, ಇಬ್ಬರೂ ಗಟ್ಟಿಯಾಗಿ ಹೇಳಿದರೆ ತಾನೇ ಅವರಿಗೆ ಎರಡು ಮಗ್ಗುಲೂ ಕಾಣೋದು? ಹಾಗಂತ ಸುಳ್ಳು ಸಾಕ್ಷಿ ಹೇಳಿಸಬಹುದು ಅಂತಲ್ಲ. ಅದು ಬೇರೆ, ಅಪರಾಧ. ಕೇಸು ಬೇಡ ಅನ್ನುವ ಸಂದರ್ಭಗಳೂ ಇವೆ, ನಾನೂ ಅಂದಿದ್ದೇನೆ. ಯಾವುದಕ್ಕೆ ಬೇಡ ಅನ್ನಬೇಕು ಅನ್ನೋದು ಮಾತ್ರ ಆಯಾ ಕಡತ ಓದಿದ ಮೇಲೆ.

ಫೀಸಿನ ವಿಷಯಕ್ಕೂ ಲಿಂಕನ್ನರನ್ನೇ ತರುತ್ತಾರೆ. ನಿಜ, 1858ರಲ್ಲಿ ಹಳೆಯ ಗೆಳೆಯನ ಮಗ ಡಫ್ ಆರ್ಮ್‌ಸ್ಟ್ರಾಂಗ್ ಮೇಲೆ ಕೊಲೆ ಆರೋಪ ಬಂದಾಗ ಒಂದು ಕಾಸು ಮುಟ್ಟಲಿಲ್ಲ. ಬೆಳದಿಂಗಳಲ್ಲಿ ನೋಡಿದೆ ಎಂದ ಸಾಕ್ಷಿಯ ಮುಂದೆ ಪಂಚಾಂಗ ಹಿಡಿದು, ಆ ಹೊತ್ತಿಗೆ ಚಂದ್ರ ಮುಳುಗುವುದರಲ್ಲಿದ್ದ ಎಂದು ತೋರಿಸಿ ಹುಡುಗನನ್ನು ಬಿಡಿಸಿದರು. ಆದರೆ ಅದರ ಹಿಂದಿನ ವರ್ಷ, 1857ರಲ್ಲಿ, ಇಲಿನಾಯ್ ಸೆಂಟ್ರಲ್ ರೈಲ್ವೆಯ ತೆರಿಗೆ ಕೇಸು ಗೆದ್ದುಕೊಟ್ಟಿದ್ದಕ್ಕೆ ಬರಬೇಕಾದ 5000 ಡಾಲರ್ ಫೀಸಿಗಾಗಿ ತಮ್ಮದೇ ಕಕ್ಷಿದಾರರ ಮೇಲೆ ದಾವೆ ಹೂಡಿ ಗೆದ್ದಿದ್ದರು. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಲ್ವಾ?

ನೆಂಟರಿಗೆ ಇದನ್ನೆಲ್ಲ ಹೇಳಿದೆ. ಸುಮ್ನೆ ಕೇಳಿಸಿಕೊಂಡು, ಚೀಲದಿಂದ ಒಂದು ಕಟ್ಟು ಕಾಗದ ತೆಗೆದರು. ಅವರ ಬಾಡಿಗೆದಾರ ಮನೆ ಬಿಡುತ್ತಿಲ್ಲವಂತೆ. ಈ ಪಾಲಿನ ದಾವೆ ಮುಗಿಯುವ ತನಕ ನಿಮ್ಮ ಕಾಗದ ನಾನು ನೋಡೋದು ಸರಿಯಲ್ಲ ಎಂದೆ. ಅದಕ್ಕೂ ಬೈದರು.