ಚಿಕ್ಕ ಬಾಟಲಿಯ ಭರವಸೆ ಮತ್ತು ಎಂಜಿನ್ ಆಯಿಲ್‌ನ ಆಯುಷ್ಯ

ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ ಬದಿಯ ಬಿಡಿಭಾಗಗಳ ಅಂಗಡಿಗಳಲ್ಲಿ ಎಂಜಿನ್ ಆಯಿಲ್ ಡಬ್ಬಿಗಳ ಪಕ್ಕದಲ್ಲೇ ಚಿಕ್ಕ ಬಾಟಲಿಗಳ ಒಂದು ಸಾಲು ಕಾಣಸಿಗುತ್ತದೆ. ಆಯಿಲ್ ಜೊತೆಗೆ ಇದನ್ನೂ ಸುರಿದರೆ ಎಂಜಿನ್ನಿನ ಸವೆತ ತಗ್ಗುತ್ತದೆ, ಸದ್ದು ಕಡಿಮೆಯಾಗುತ್ತದೆ, ಮೈಲೇಜ್ ಹೆಚ್ಚುತ್ತದೆ ಎಂಬ ಬಗೆಯ ಮಾತುಗಳು ಅವುಗಳ ಲೇಬಲ್ಲಿನ ಮೇಲಿರುತ್ತವೆ. ಐದು ಸಾವಿರ ಕಿಲೋಮೀಟರಿಗೆ ಬದಲಿಸುವ ಆಯಿಲನ್ನು ಇದರ ಬಲದಿಂದ ಎಂಟು-ಹತ್ತು ಸಾವಿರದವರೆಗೆ ಓಡಿಸಬಹುದು ಎಂಬ ಇನ್ನೊಂದು ಮಾತು ಮಾತ್ರ ಹೆಚ್ಚಾಗಿ ಕೇಳಿಬರುವುದು ಕೌಂಟರಿನ ಆಚೀಚೆ ಮತ್ತು ಗ್ಯಾರೇಜುಗಳಲ್ಲಿ. ಸವೆತ ತಗ್ಗುವುದೂ ಆಯಿಲ್ ಬಾಳಿಕೆ ಬರುವುದೂ ಒಂದೇ ಎಂಬ ಈ ನಂಬಿಕೆ ಹೇಗೆ ಬೆಳೆಯಿತು, ಅದಕ್ಕೆ ಎಷ್ಟು ಆಧಾರವಿದೆ ಎಂದು ತಿಳಿಯಬೇಕಾದರೆ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆರಂಭದ ಮೋಟಾರು ವಾಹನಗಳಿಗೆ ಹಾಕುತ್ತಿದ್ದುದು ಕಚ್ಚಾತೈಲದಿಂದ ಶುದ್ಧೀಕರಿಸಿ ತೆಗೆದ ಬರಿಯ ಖನಿಜತೈಲವನ್ನು. ಅದರಲ್ಲಿ ಬೇರೇನೂ ಬೆರೆಯುತ್ತಿರಲಿಲ್ಲ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಮುಂದೆ ಆಯಿಲ್‌ಗಳಿಗೆ ದರ್ಜೆ ಕೊಡುವಾಗ ಇಂಥ ಆಯಿಲನ್ನು ‘ಎಸ್‌ಎ’ ಎಂದು ಕರೆದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿಟ್ಟಿತು. 1930ರ ದಶಕದಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿಯ ಡೀಸೆಲ್ ಎಂಜಿನ್‌ಗಳಲ್ಲಿ ಮಸಿ ಮತ್ತು ಅಂಟು ಕೂಡಿ ಪಿಸ್ಟನ್ ರಿಂಗ್‌ಗಳು ಹಿಡಿದುಕೊಳ್ಳತೊಡಗಿದಾಗ, ಲೋಹದ ಸಾಬೂನಿನಂಥ ರಾಸಾಯನಿಕಗಳನ್ನು ಆಯಿಲಿಗೆ ಬೆರೆಸಿ ಆ ತೊಂದರೆಯನ್ನು ಹತೋಟಿಗೆ ತರಲಾಯಿತು. ಕೊಳೆ ತೊಳೆಯುವ ಡಿಟರ್ಜೆಂಟ್ ಅಡಿಟಿವ್‌ಗಳ, ಅಂದರೆ ಆಯಿಲಿಗೆ ಬೆರೆಸುವ ಇಂಥ ಪೂರಕ ರಾಸಾಯನಿಕಗಳ ಕಥೆ ಶುರುವಾದದ್ದು ಅಲ್ಲಿಂದ. 1940ರ ದಶಕದಲ್ಲಿ ಸತು, ರಂಜಕ, ಗಂಧಕಗಳಿಂದಾದ ಜೆಡ್‌ಡಿಡಿಪಿ ಎಂಬ ಸಂಯುಕ್ತ ಬಂತು. ಮೊದಲು ಬೇರಿಂಗ್‌ಗಳ ತುಕ್ಕನ್ನೂ ಆಯಿಲ್ ಕೆಡುವುದನ್ನೂ ತಡೆಯಲೆಂದು ಬಳಸಿದ ಈ ವಸ್ತು, ಲೋಹ ಲೋಹಕ್ಕೆ ಉಜ್ಜುವ ಜಾಗದಲ್ಲಿ ತೆಳುವಾದ ರಕ್ಷಣಾ ಪದರವನ್ನೂ ಕಟ್ಟುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಇಂದಿಗೂ ಹೆಚ್ಚಿನ ಎಂಜಿನ್ ಆಯಿಲ್‌ಗಳಲ್ಲಿ ಸವೆತ ತಡೆಯುವ ಮುಖ್ಯ ವಸ್ತು ಅದೇ. ಬಳಿಕ ಮಸಿಯನ್ನು ಚದುರಿಸಿ ತೇಲಿಸುವ ಡಿಸ್ಪರ್ಸೆಂಟ್‌ಗಳೂ, ಚಳಿಯಲ್ಲೂ ಬಿಸಿಯಲ್ಲೂ ಸ್ನಿಗ್ಧತೆ, ಅಂದರೆ ಆಯಿಲ್‌ನ ಮಂದತನ ಕಾಯುವ ಪಾಲಿಮರ್‌ಗಳೂ, ನೊರೆ ತಡೆಯುವ ವಸ್ತುಗಳೂ ಸೇರಿಕೊಂಡವು.

ಹೀಗೆ ಇವತ್ತು ಅಂಗಡಿಯಲ್ಲಿ ಕೊಳ್ಳುವ ಒಂದು ಲೀಟರ್ ಆಯಿಲ್‌ನಲ್ಲಿ ಸುಮಾರು ಶೇ 10ರಿಂದ 25ರಷ್ಟು ಅಡಿಟಿವ್‌ಗಳೇ ಇರುತ್ತವೆ. ಲುಬ್ರಿಜಾಲ್, ಇನ್ಫೀನಿಯಂ, ಆಫ್ಟನ್, ಶೆವ್ರಾನ್ ಒರೊನೈಟ್ ಎಂಬ ನಾಲ್ಕು ಕಂಪನಿಗಳು ಈ ಮಿಶ್ರಣಗಳನ್ನು ಸಿದ್ಧಪಡಿಸಿ ಜಗತ್ತಿನ ಬಹುಪಾಲು ಆಯಿಲ್ ತಯಾರಕರಿಗೆ ಪೂರೈಸುತ್ತವೆ. ಯಾವ ವಸ್ತು ಎಷ್ಟಿರಬೇಕು, ಒಂದು ಇನ್ನೊಂದರ ಕೆಲಸಕ್ಕೆ ಅಡ್ಡಬರದಂತೆ ಹೇಗೆ ಹೊಂದಿಸಬೇಕು ಎಂಬುದನ್ನು ನಿಜವಾದ ಎಂಜಿನ್‌ಗಳಲ್ಲಿ ದುಬಾರಿ ಪರೀಕ್ಷೆ ನಡೆಸಿಯೇ ನಿರ್ಧರಿಸುತ್ತಾರೆ. ಡಬ್ಬಿಯ ಮೇಲಿನ ಎಪಿಐ ‘ಎಸ್‌ಪಿ’ ಅಥವಾ ‘ಸಿಕೆ-4’ ಎಂಬ ಗುರುತು ಆ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮಿಶ್ರಣಕ್ಕೆ ಸಲ್ಲುತ್ತದೆಯೇ ಹೊರತು, ಅದೇ ಮಿಶ್ರಣಕ್ಕೆ ನಾವು ಮನಸ್ಸಿಗೆ ಬಂದಷ್ಟು ಇನ್ನೇನನ್ನೋ ಸುರಿದ ಮೇಲೆ ತಯಾರಾಗುವ ದ್ರವಕ್ಕೆ ಸಲ್ಲುವುದಿಲ್ಲ. ಈ ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ಸಂಗತಿ ಇದು.

ಬಾಟಲಿಯ ವ್ಯಾಪಾರದ ಇತಿಹಾಸ ಇದಕ್ಕೆ ಸಮಾನಾಂತರವಾಗಿ ಬೇರೆಯೇ ಹಾದಿಯಲ್ಲಿ ಸಾಗಿತು. ಅಮೆರಿಕದಲ್ಲಿ 1950ರ ದಶಕದಲ್ಲಿ ಆರಂಭವಾದ ಎಸ್‌ಟಿಪಿ ಕಂಪನಿ, ಕಾರ್ ರೇಸ್‌ಗಳ ಪ್ರಚಾರದಿಂದ ಮನೆಮಾತಾಯಿತು. ಅದರ ಆಯಿಲ್ ಟ್ರೀಟ್‌ಮೆಂಟ್ ಮುಖ್ಯವಾಗಿ ಆಯಿಲನ್ನು ದಪ್ಪಗೊಳಿಸುವಂಥದ್ದು. ಅದು ಆಯಿಲ್ ಖರ್ಚನ್ನು ಕಡಿಮೆ ಮಾಡುತ್ತದೆ ಎಂಬ ಜಾಹೀರಾತಿಗೆ ತಕ್ಕ ಪುರಾವೆ ಇಲ್ಲವೆಂದು ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಆಕ್ಷೇಪಿಸಿತು. 1978ರಲ್ಲಿ ಕಂಪನಿ 7 ಲಕ್ಷ ಡಾಲರ್ ತೆತ್ತು ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತು. ಆಮೇಲೆ ಬಂದದ್ದು ಟೆಫ್ಲಾನ್ ಯುಗ. 1938ರಲ್ಲಿ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಕಂಡುಹಿಡಿದ ಪಿಟಿಎಫ್‌ಇಯ, ಅಂದರೆ ಟೆಫ್ಲಾನ್‌ನ ಸೂಕ್ಷ್ಮ ಪುಡಿಯನ್ನು ಆಯಿಲ್‌ನಲ್ಲಿ ತೇಲಿಸಿ, ಅದು ಎಂಜಿನ್ನಿನ ಒಳಗೆ ಜಾರುವ ಲೇಪನವಾಗಿ ಕೂರುತ್ತದೆ ಎಂದು ಮಾರಿದವರಲ್ಲಿ ಸ್ಲಿಕ್ 50 ದೊಡ್ಡ ಹೆಸರು. ಒಂದು ಸಲ ಹಾಕಿದರೆ 50,000 ಮೈಲಿಯವರೆಗೆ ಸವೆತ ತಗ್ಗುತ್ತದೆ ಎಂಬುದು ಅದರ ಜಾಹೀರಾತು. 1996ರಲ್ಲಿ ಕಮಿಷನ್ ಈ ಮಾತುಗಳನ್ನೆಲ್ಲ ಆಧಾರವಿಲ್ಲದವು ಎಂದು ಪ್ರಶ್ನಿಸಿತು. ಮರುವರ್ಷ ರಾಜಿಯಾಗಿ ಕಂಪನಿ ಗ್ರಾಹಕರಿಗೆ ಪರಿಹಾರ ಕೊಡಲು ಒಪ್ಪಬೇಕಾಯಿತು. ಆ ಐದಾರು ವರ್ಷಗಳಲ್ಲಿ ಡ್ಯುರಾ ಲ್ಯೂಬ್, ಮೋಟರ್ ಅಪ್, ಪ್ರೊಲಾಂಗ್ ಮುಂತಾದ ಬಾಟಲಿಗಳೂ ಇದೇ ವಿಚಾರಣೆಗೆ ಒಳಗಾದವು.

ಇವುಗಳಲ್ಲೆಲ್ಲ ಹೆಚ್ಚು ಕಲಿಸುವುದು ಜೆಡ್‌ಮ್ಯಾಕ್ಸ್ ಎಂಬ ಇನ್ನೊಂದು ಬಾಟಲಿಯ 2001ರ ಪ್ರಕರಣ. ಬೇರಿಂಗ್‌ಗಳ ಕ್ಷಯವನ್ನು ಅಳೆಯುವ ಸಿಆರ್‌ಸಿ ಎಲ್-38 ಎಂಬ ಮಾನ್ಯ ಪರೀಕ್ಷೆಯ ಫಲಿತಾಂಶವನ್ನು ಆ ಕಂಪನಿ ತನ್ನ ಜಾಹೀರಾತಿನಲ್ಲಿ ಬಳಸಿಕೊಂಡಿತ್ತು. ಆದರೆ ಅದೇ ಪರೀಕ್ಷೆಯಲ್ಲಿ ಬಾಟಲಿ ಬೆರೆಸಿದ ಆಯಿಲ್, ಬೆರೆಸದ ಆಯಿಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬೇರಿಂಗ್ ಕ್ಷಯವನ್ನು ತೋರಿಸಿತ್ತು, ಆ ಭಾಗವನ್ನು ಜನರಿಗೆ ತಿಳಿಸಲಿಲ್ಲ ಎಂಬುದು ಕಮಿಷನ್ನಿನ ಆರೋಪ. 2003ರಲ್ಲಿ 10 ಲಕ್ಷ ಡಾಲರ್ ಪರಿಹಾರದೊಂದಿಗೆ ಅದು ಮುಗಿಯಿತು. ಚೆನ್ನಾಗಿ ಹೊಂದಿಸಿದ ಮಿಶ್ರಣಕ್ಕೆ ಹೊರಗಿನಿಂದ ಇನ್ನೊಂದನ್ನು ಸೇರಿಸಿದರೆ ಲಾಭವಾಗದೆ ಹೋಗುವುದಷ್ಟೇ ಅಲ್ಲ, ನಷ್ಟವೂ ಆಗಬಹುದು ಎಂಬ ಎಚ್ಚರಿಕೆ ಅದರಲ್ಲಿದೆ.

ಈ ಪ್ರಕರಣಗಳ ವಾದ ಹೆಚ್ಚಾಗಿ ನಡೆದದ್ದು ಸವೆತ, ಮೈಲೇಜ್, ಎಂಜಿನ್ನಿನ ಬಾಳಿಕೆಗಳ ಬಗ್ಗೆ ಎಂಬುದನ್ನು ಗಮನಿಸಬೇಕು. 50,000 ಮೈಲಿಯ ಮಾತು ಕೂಡ ಲೇಪನದ ಬಗ್ಗೆ ಹೇಳಿದ್ದೇ ಹೊರತು ಆಯಿಲ್‌ನ ಬಗ್ಗೆ ಅಲ್ಲ. ಲೇಪನ ಅಷ್ಟು ದೂರ ಬರುವುದಾದರೆ ಆಯಿಲ್ ಚೇಂಜನ್ನೂ ಸ್ವಲ್ಪ ಮುಂದೂಡಬಹುದು ಎಂಬ ತೀರ್ಮಾನಕ್ಕೆ ಬಳಕೆದಾರರು ತಾವಾಗಿಯೇ ಬಂದರು. ಜಾಹೀರಾತಿನ ಪ್ರತಿಯೊಂದು ಅಕ್ಷರ ನಿಜವಾಗಿದ್ದರೂ ಈ ತೀರ್ಮಾನ ತಪ್ಪೇ ಆಗುತ್ತಿತ್ತು. ಏಕೆಂದರೆ ಆಯಿಲ್‌ನ ಆಯುಷ್ಯ ಮುಗಿಯುವುದು ಅದರ ಜಾರುವ ಗುಣ ಕಡಿಮೆಯಾದ್ದರಿಂದಲ್ಲ.

ಸಿಲಿಂಡರಿನಲ್ಲಿ ಇಂಧನ ಉರಿದಾಗ ಹುಟ್ಟುವ ಅನಿಲದಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಅದರೊಂದಿಗೆ ಮಸಿ, ಆಮ್ಲಗಳು, ಉರಿಯದ ಇಂಧನ ಮತ್ತು ನೀರಿನ ಆವಿ ಆಯಿಲಿಗೆ ಸೇರುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್‌ನಷ್ಟೇ ನೀರು ಹುಟ್ಟುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಅದರಲ್ಲಿ ಬಹುಪಾಲು ಸೈಲೆನ್ಸರ್ ಮೂಲಕ ಹೊರಹೋದರೂ ಉಳಿದದ್ದು ಎಂಜಿನ್ ಸರಿಯಾಗಿ ಬಿಸಿಯಾಗುವವರೆಗೆ ಒಳಗೇ ಇರುತ್ತದೆ. ಆಮ್ಲಗಳನ್ನು ಎದುರಿಸಲು ಆಯಿಲ್‌ನಲ್ಲಿ ಕ್ಷಾರದ ದಾಸ್ತಾನು ಇರುತ್ತದೆ. ಅದನ್ನು ಟಿಬಿಎನ್ ಎಂಬ ಸಂಖ್ಯೆಯಲ್ಲಿ ಅಳೆಯುತ್ತಾರೆ. ಹೊಸ ಡೀಸೆಲ್ ಆಯಿಲ್‌ನಲ್ಲಿ ಅದು 10ರ ಆಸುಪಾಸಿನಲ್ಲಿದ್ದು, ಓಡಿದಂತೆಲ್ಲ ಇಳಿಯುತ್ತ ಬರುತ್ತದೆ. ಜೊತೆಗೆ ಬಿಸಿಗೆ ಆಯಿಲ್ ತಾನೇ ಆಮ್ಲಜನಕದೊಂದಿಗೆ ಕೂಡಿ ಕೆಡುತ್ತದೆ. ತಾಪ 10 ಡಿಗ್ರಿ ಏರಿದಾಗ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದ ಸ್ಥೂಲ ಲೆಕ್ಕ. ಘರ್ಷಣೆ ತಗ್ಗಿಸುವ ಬಾಟಲಿ ಇವುಗಳಲ್ಲಿ ಯಾವುದನ್ನೂ ಹೊರಗೆ ತೆಗೆಯಲಾರದು. ಮಸಿ ಅಲ್ಲೇ ಉಳಿಯುತ್ತದೆ, ಬೆರೆತ ಇಂಧನವೂ ಅಲ್ಲೇ ಉಳಿಯುತ್ತದೆ. ಅವು ಪೂರ್ತಿ ಹೊರಗೆ ಹೋಗುವುದು ಡ್ರೈನ್ ಬೋಲ್ಟ್ ಬಿಚ್ಚಿದಾಗ ಮಾತ್ರ.

ಕರಾವಳಿಯ ಮಳೆಗಾಲದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕಾರವಾರದ ಪೇಟೆಯೊಳಗೆ ಎರಡು-ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನ ಆಯಿಲ್ ತುಂಬುವ ಮುಚ್ಚಳವನ್ನು ಜುಲೈ ತಿಂಗಳಲ್ಲಿ ತಿರುಗಿಸಿ ತೆಗೆದರೆ, ಅದರ ಒಳಬದಿಯಲ್ಲಿ ಕೆನೆ ಮಜ್ಜಿಗೆಯಂಥ ಮಾಸಲು ಬಿಳಿಯ ಲೇಪ ಕೂತಿರುವುದುಂಟು. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಸೇರಿದರೂ ಹೀಗೆ ಆಗುತ್ತದಾದ್ದರಿಂದ ಕೂಲಂಟ್ ಮಟ್ಟವನ್ನು ನೋಡಿಕೊಳ್ಳಬೇಕು. ಅದು ಸರಿಯಿದ್ದರೆ, ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗೇ ನಿಂತ ನೀರು ಆಯಿಲ್‌ನೊಂದಿಗೆ ಕಲೆತ ಗುರುತು ಅದು. ಇಂಥ ಕಾರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿರಲಿಕ್ಕಿಲ್ಲ, ಆದರೂ ಅದರ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಕಂಪನಿಗಳು ‘10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು ಬರೆಯುವುದಕ್ಕೆ ಇದು ಒಂದು ಕಾರಣ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಲಾರಿಯ ಕಷ್ಟ ಬೇರೆ: ಅಲ್ಲಿ ನೀರು ನಿಲ್ಲುವುದಿಲ್ಲ, ಆದರೆ ಭಾರ ಹೊತ್ತು ಕೆಳಗಿನ ಗೇರಿನಲ್ಲಿ ಏರುವಾಗ ಆಯಿಲ್ ಬೇಯುತ್ತದೆ. ಎರಡಕ್ಕೂ ಒಂದೇ ಬಾಟಲಿ ಮದ್ದು ಎನ್ನುವುದನ್ನು ಒಪ್ಪಲು ಸಾಧ್ಯವಿಲ್ಲ.

ಹಾಗಾದರೆ ಆಯಿಲ್ ಬದಲಾವಣೆಯ ಅವಧಿ ಹೆಚ್ಚಿಯೇ ಇಲ್ಲವೇ? ಖಂಡಿತ ಹೆಚ್ಚಿದೆ. ಅಮೆರಿಕದಲ್ಲಿ ಬಹುಕಾಲ ರೂಢಿಯಲ್ಲಿದ್ದದ್ದು 3,000 ಮೈಲಿಯ ಲೆಕ್ಕ. ನಮ್ಮ ಐದು ಸಾವಿರ ಕಿಲೋಮೀಟರಿನ ರೂಢಿಯೂ ಅದರ ಹತ್ತಿರದ್ದೇ. ಇಂದು ನಮ್ಮಲ್ಲಿನ ಬಹಳಷ್ಟು ಕಾರುಗಳಿಗೆ 10,000 ಕಿಲೋಮೀಟರ್ ಸಾಮಾನ್ಯವಾಗಿದೆ. ಇದಕ್ಕೆ ಕಾರಣಗಳಲ್ಲಿ ಒಂದು, ಮೂಲತೈಲವೇ ಸುಧಾರಿಸಿದ್ದು. 1970ರ ದಶಕದಲ್ಲಿ ಆಮ್ಸಾಯಿಲ್, ಮೊಬಿಲ್ ಕಂಪನಿಗಳ ಸಿಂಥೆಟಿಕ್ ಆಯಿಲ್‌ಗಳು ಅಮೆರಿಕದ ಮಾರುಕಟ್ಟೆಗೆ ಬಂದಾಗಿನಿಂದ ಬಿಸಿಗೆ ಬೇಗ ಕೆಡದ ಆಯಿಲ್ ಸಾಮಾನ್ಯ ಬಳಕೆದಾರನ ಕೈಗೆ ಸಿಗತೊಡಗಿತು. ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದ ಮೇಲೆ ಪೆಟ್ರೋಲ್ ಎಂಜಿನ್‌ಗಳಲ್ಲಿ ಹೆಚ್ಚುವರಿ ಇಂಧನ ಆಯಿಲಿಗೆ ಇಳಿಯುವುದೂ ತಗ್ಗಿತು. ಡೀಸೆಲ್‌ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಗಂಧಕದ್ದು. 1990ರ ದಶಕದ ಆರಂಭದಲ್ಲಿ ನಮ್ಮ ಡೀಸೆಲ್‌ನಲ್ಲಿ ಶೇ 1ರವರೆಗೆ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಸಾವಿರ ಭಾಗದವರೆಗೆ ಗಂಧಕ ಇರಬಹುದಿತ್ತು. ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮಗಳು ಬಂದ ಮೇಲೆ, ಬಿಎಸ್-3ರಲ್ಲಿ ಆ ಮಿತಿ 350 ಭಾಗಕ್ಕೆ, ಬಿಎಸ್-4ರಲ್ಲಿ 50ಕ್ಕೆ, 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದ ಬಿಎಸ್-6ರಲ್ಲಿ 10ಕ್ಕೆ ಇಳಿಯಿತು. ಗಂಧಕ ಉರಿದು ಗಂಧಕಾಮ್ಲವಾಗುತ್ತದೆ, ಆ ಆಮ್ಲ ಆಯಿಲ್‌ನ ಕ್ಷಾರವನ್ನು ತಿನ್ನುತ್ತದೆ. ಗಂಧಕ ಇಲ್ಲವೆನ್ನುವಷ್ಟು ಕಡಿಮೆಯಾದರೆ ಅದೇ ಆಯಿಲ್ ಹೆಚ್ಚು ದಿನ ಬರುತ್ತದೆ. ಅವಧಿಯನ್ನು ಹೆಚ್ಚಿಸಿದ್ದು ಸಂಸ್ಕರಣಾಗಾರಗಳು, ಎಂಜಿನ್ ವಿನ್ಯಾಸಕಾರರು, ಆಯಿಲ್ ತಯಾರಕರು. ಆ ಕೀರ್ತಿ ಚಿಕ್ಕ ಬಾಟಲಿಗೆ ಸಲ್ಲಬಾರದು.

ಬಿಎಸ್-6 ಬಂದ ಮೇಲೆ ಬಾಟಲಿಯ ಅಪಾಯ ಹೆಚ್ಚಿದೆ ಎಂದೇ ನನ್ನ ಅಭಿಪ್ರಾಯ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ರಂಜಕ ಕೆಡಿಸುತ್ತದೆ ಎಂಬ ಕಾರಣಕ್ಕೆ ಈ ಶತಮಾನದ ಆರಂಭದಿಂದ ಕಡಿಮೆ ಸ್ನಿಗ್ಧತೆಯ ಪೆಟ್ರೋಲ್ ಕಾರಿನ ಆಯಿಲ್‌ಗಳಲ್ಲಿ ಅದನ್ನು ಶೇ 0.08ಕ್ಕೆ ಮಿತಿಗೊಳಿಸಲಾಗಿದೆ, ಸತು-ರಂಜಕ ತುಂಬಿದ ಬಾಟಲಿಯೊಂದನ್ನು ಸುರಿದರೆ ಆ ಮಿತಿಯನ್ನು ದಾಟುವುದು ಕಷ್ಟವಲ್ಲ. ಡೀಸೆಲ್ ವಾಹನದ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನಲ್ಲಿ ಮಸಿ ಉರಿದು ಹೋದರೂ, ಲೋಹವಿರುವ ಅಡಿಟಿವ್‌ಗಳ ಬೂದಿ ಉರಿಯದೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಬೈಕುಗಳದ್ದು ಇನ್ನೊಂದು ಸಂಗತಿ. ಅವುಗಳಲ್ಲಿ ಹೆಚ್ಚಿನವುಗಳ ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕ್ಲಚ್ ಕೆಲಸ ಮಾಡಲು ಘರ್ಷಣೆ ಬೇಕೇ ಬೇಕು. ಅದಕ್ಕಾಗಿಯೇ ಜಪಾನಿನ ವಾಹನ ಮಾನದಂಡಗಳ ಸಂಸ್ಥೆ ಜಾಸೋ, ಕ್ಲಚ್ ಜಾರದಂಥ ಆಯಿಲ್‌ಗಳಿಗೆಂದು 1998ರಲ್ಲಿ ‘ಎಂಎ’ ದರ್ಜೆಯನ್ನು ತಂದದ್ದು. ಜಾರುವಿಕೆ ಹೆಚ್ಚಿಸುವ ಬಾಟಲಿಯನ್ನು ಅಲ್ಲಿ ಹಾಕಿದರೆ ಘಟ್ಟದ ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದಷ್ಟೂ ಎಂಜಿನ್ ಕೂಗುತ್ತದೆ, ಬೈಕು ಮಾತ್ರ ಮುಂದೆ ಹೋಗುವುದಿಲ್ಲ.

ಆಯಿಲನ್ನು ಹೆಚ್ಚು ಕಾಲ ಬಳಸಲು ಪ್ರಾಮಾಣಿಕವಾದ ದಾರಿ ಇಲ್ಲವೆಂದಲ್ಲ. ಭಾರತೀಯ ರೈಲ್ವೆಯ ಡೀಸೆಲ್ ಶೆಡ್‌ಗಳು ಅದನ್ನು ಬಹಳ ಹಿಂದಿನಿಂದ ಅನುಸರಿಸಿವೆ. ಎಂಜಿನ್ನಿನ ಆಯಿಲ್‌ನ ಮಾದರಿಯನ್ನು ನಿಯಮಿತವಾಗಿ ಪ್ರಯೋಗಾಲಯಕ್ಕೆ ಕಳಿಸಿ, ಅದರಲ್ಲಿ ಸವೆತದಿಂದ ಬಂದ ಕಬ್ಬಿಣ, ತಾಮ್ರ, ಧೂಳಿನಿಂದ ಬಂದ ಸಿಲಿಕಾನ್ ಎಷ್ಟಿದೆ, ಸ್ನಿಗ್ಧತೆ ಎಷ್ಟು ಇಳಿದಿದೆ, ನೀರು ಸೇರಿದೆಯೇ ಎಂದು ನೋಡಿ ಬದಲಿಸುವುದನ್ನು ತೀರ್ಮಾನಿಸುವ ಪದ್ಧತಿ ಅದು. ದೊಡ್ಡ ಸಾರಿಗೆ ಸಂಸ್ಥೆಗಳೂ ಗಣಿಗಳೂ ಇದನ್ನೇ ಮಾಡುತ್ತವೆ. ನೂರಾರು ಲೀಟರ್ ಆಯಿಲ್ ಹಿಡಿಯುವ ಎಂಜಿನ್ನಿಗೆ ಪರೀಕ್ಷೆಯ ಖರ್ಚು ಗಿಟ್ಟುತ್ತದೆ. ಮೂರೂವರೆ ಲೀಟರಿನ ಕಾರಿಗೆ ಗಿಟ್ಟುವುದಿಲ್ಲ. ಕಾರಿನವರು ಬಾಟಲಿಗೆ ಕೊಡುವ ಹಣವನ್ನು ಕೈಪಿಡಿ ಹೇಳಿದ ದರ್ಜೆಯ ಒಳ್ಳೆಯ ಆಯಿಲಿಗೂ ಅಸಲಿ ಫಿಲ್ಟರಿಗೂ ಹಾಕುವುದು ಮೇಲು. ಅನೇಕ ಕೈಪಿಡಿಗಳಲ್ಲಿ ಹೊರಗಿನ ಅಡಿಟಿವ್ ಬೇಡವೆಂಬ ಸಾಲು ಇದ್ದೇ ಇರುತ್ತದೆ. ವಾರಂಟಿಯ ಅವಧಿಯಲ್ಲಿ ಆ ಸಾಲನ್ನು ಕಡೆಗಣಿಸಿದವರು ಮುಂದೆ ವಾದಿಸಲು ಹೋದರೆ ನಿಲ್ಲುವುದು ಕಷ್ಟ.

ಉತ್ತರ ಕನ್ನಡದ ಮೀನುಗಾರಿಕೆ ಬಂದರುಗಳಾದ ಬೈತಖೋಲ, ತದಡಿ, ಹೊನ್ನಾವರಗಳ ಯಾಂತ್ರೀಕೃತ ಬೋಟುಗಳಿಗೆ ಕಿಲೋಮೀಟರಿನ ಲೆಕ್ಕವೇ ಇಲ್ಲ, ಅಲ್ಲಿ ಗಂಟೆಗಳ ಲೆಕ್ಕ. ಬಲೆ ಎಳೆಯುವಾಗ ಎಂಜಿನ್ ಭಾರ ಹೊತ್ತು ಒಂದೇ ವೇಗದಲ್ಲಿ ದೀರ್ಘಕಾಲ ಓಡುತ್ತದೆ, ಸುತ್ತಲೂ ಉಪ್ಪು ಗಾಳಿ. ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಎಂಜಿನ್ ಕೆಲಸಗಳನ್ನು ಮುಗಿಸಿಕೊಳ್ಳುವುದು ರೂಢಿ, ಮತ್ತು ಹೊಸ ಆಯಿಲನ್ನು ಆಗಸ್ಟಿನಲ್ಲಿ ಕಡಲಿಗೆ ಇಳಿಯುವ ಮುನ್ನ ಹಾಕಿದರಾಯಿತು ಎಂದುಕೊಳ್ಳುವವರಿದ್ದಾರೆ. ಆದರೆ ಋತುವಿಡೀ ಓಡಿದ ಆಯಿಲ್‌ನಲ್ಲಿ ಆಮ್ಲವೂ ನೀರೂ ಸೇರಿರುತ್ತವೆ. ಅದನ್ನು ಎರಡು ತಿಂಗಳ ಮಳೆಯಲ್ಲಿ ಎಂಜಿನ್ನಿನೊಳಗೆ ಹಾಗೆಯೇ ಬಿಟ್ಟರೆ ಬೇರಿಂಗ್‌ಗಳನ್ನು ತಿನ್ನಲು ಅದಕ್ಕೆ ಸಾಕಷ್ಟು ಸಮಯ ಸಿಗುತ್ತದೆ. ಬೋಟು ದಡ ಸೇರಿದ ದಿನ, ಎಂಜಿನ್ ಇನ್ನೂ ಬಿಸಿಯಿರುವಾಗಲೇ ಹಳೆಯದನ್ನು ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಹೊಸ ಆಯಿಲ್ ತುಂಬಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಬೇಕು. ಇಳಿಸಿದ ಆಯಿಲ್ ಅಳಿವೆಗೆ ಹೋಗದಂತೆ ಡಬ್ಬಿಯಲ್ಲಿ ಹಿಡಿದು, ಬಳಸಿದ ಆಯಿಲ್ ಕೊಳ್ಳುವ ಅಧಿಕೃತರಿಗೆ ಒಪ್ಪಿಸಬೇಕು.