ಮಾರ್ಚ್ ತಿಂಗಳ ಮತ್ತಿ, ಮಾರ್ಚ್ ತಿಂಗಳ ರಾಮಪತ್ರೆ

ಮಾರ್ಚ್‌ನಲ್ಲಿ ಆಗುಂಬೆಯಿಂದ ಶಿವಮೊಗ್ಗದ ಬಸ್ಸು ಹತ್ತಿ ನೋಡಿ. ಘಟ್ಟದ ನೆತ್ತಿಯಲ್ಲಿ ಕಾಡು ಕಪ್ಪುಹಸಿರು. ತೀರ್ಥಹಳ್ಳಿ ದಾಟಿ ಮಂಡಗದ್ದೆ ಕಡೆ ಬರುವಷ್ಟರಲ್ಲಿ ಮತ್ತಿ, ಹುಣಾಲು, ತೇಗ ಎಲೆ ಕಳಚಿ ನಿಂತಿರುತ್ತವೆ, ಬುಡದ ತುಂಬ ದರಗು.

ಈ ವ್ಯತ್ಯಾಸಕ್ಕೆ ಮಳೆಯ ಮೊತ್ತವೊಂದೇ ಕಾರಣ ಅನ್ನಿಸಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ನಿಜ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಮರಕ್ಕೆ ಪರೀಕ್ಷೆ ಆಮೇಲಿನ ಒಣ ತಿಂಗಳುಗಳದ್ದು. ಘಟ್ಟದಲ್ಲಿ ಉತ್ತರಕ್ಕೆ ಹೋದಂತೆ ಆ ತಿಂಗಳು ಹೆಚ್ಚುತ್ತವೆ, ನಿತ್ಯಹಸಿರಿನ ಜಾತಿಗಳು ಕಡಿಮೆಯಾಗುತ್ತವೆ.

ಬೇರಿನ ನೀರು ಎಲೆಗೆ ಏರುವುದು ಕಾಂಡದೊಳಗಿನ ಕೂದಲೆಳೆಯಂಥ ನಾಳಗಳಲ್ಲಿ. ಮಣ್ಣು ಒಣಗಿದಷ್ಟೂ ಎಲೆಯ ಎಳೆತ ಬಿಗಿಯಾಗುತ್ತದೆ. ಮಿತಿ ಮೀರಿದರೆ ಗಾಳಿಗುಳ್ಳೆ ಹೊಕ್ಕು ನೀರಿನ ಎಳೆ ತುಂಡಾಗುತ್ತದೆ. ಹೀಗೆ ಸಾಕಷ್ಟು ನಾಳಗಳು ಕಟ್ಟಿಕೊಂಡರೆ ಮರ ಸತ್ತಂತೆ. ಮತ್ತಿ ಎಲೆ ಉದುರಿಸಿ ನೀರಿನ ಖರ್ಚನ್ನೇ ನಿಲ್ಲಿಸುತ್ತದೆ. ಮೊಸಳೆಮೈಯಂಥ ಅದರ ತೊಗಟೆಗೆ ಕತ್ತಿ ಹಾಕಿದರೆ ಕಡುಬೇಸಿಗೆಯಲ್ಲೂ ಕೆಲವು ಮರಗಳಿಂದ ನೀರು ಚಿಮ್ಮುವುದುಂಟು. ಜಾಯಿಕಾಯಿ ಬಳಗದ ನಿತ್ಯಹಸಿರು ಮರ ರಾಮಪತ್ರೆಯದು ಬೇರೆ ದಾರಿ. ಶರಾವತಿ ಕಣಿವೆಯ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ, ಅಂದರೆ ಜೌಗು ಕಾಡುಗಳು. ಅಲ್ಲಿ ಬೇರುಗಳು ಉಸಿರಾಡಲೆಂದು ಕೆಸರಿನಿಂದ ಮಂಡಿ ಮಡಿಸಿದಂತೆ ಮೇಲೆದ್ದಿರುತ್ತವೆ. ನೀರು ಹೆಚ್ಚಾದರೆ ಬದುಕುವ ಮೈ ಅದು. ಹಳ್ಳ ಬತ್ತಿದರೆ ಅದಕ್ಕೆ ದಾರಿಯಿಲ್ಲ.

2007ರಲ್ಲಿ ಪನಾಮಾದ ಕಾಡಿನಲ್ಲಿ 48 ಜಾತಿಗಳ ಸಸಿಗಳನ್ನು ಪರೀಕ್ಷಿಸಿದ ವರದಿ ಬಂತು. ಬರ ತಾಳದ ಸಸಿಗಳ ಜಾತಿಗಳೇ ಮಳೆ ಕಡಿಮೆಯಿರುವ ಕಡೆ ವಿರಳವಾಗಿದ್ದವು. 2012ರಲ್ಲಿ ಲೋಕದ ನಾನಾ ಕಡೆಯ 226 ಜಾತಿಗಳ ಲೆಕ್ಕ ಹಾಕಿದಾಗ ಸುಮಾರು 70 ಶೇಕಡಾ ಜಾತಿಗಳು ನಾಳ ಕೆಡುವ ಅಂಚಿನ ಹತ್ತಿರವೇ ಬದುಕುತ್ತಿವೆ ಎಂದು ತಿಳಿಯಿತು, ಮಳೆಕಾಡಿನವೂ ಒಣಕಾಡಿನವೂ. ಮತ್ತಿಗೆ ಭಯವಿಲ್ಲ ಎಂದುಕೊಂಡಿದ್ದ ನನಗೆ ಇದು ದಿಗಿಲು ಹುಟ್ಟಿಸಿತು.

ಹಾಗಿದ್ದರೆ ಬಯಲಿನಂಚಿನ ಸೊರಬದಲ್ಲಿ ಕಾನುಗಳು, ಅಂದರೆ ಊರವರು ಕಾಯ್ದ ನಿತ್ಯಹಸಿರಿನ ಕಾಡಿನ ತುಂಡುಗಳು, ಉಳಿದದ್ದು ಹೇಗೆ? 1868ರಲ್ಲೇ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಈ ಕಾನುಗಳ ಬಗ್ಗೆ ವರದಿ ಬರೆದರು. ಮೆಣಸಿನ ಬಳ್ಳಿಗೆ, ಬೈನೆ ಮರಕ್ಕೆ, ದೇವರ ಹೆಸರಿಗೆ ಊರವರು ಕಾನನ್ನು ಕಾಯ್ದುಕೊಂಡಿದ್ದರು. ಕೊಡಲಿ ಬೀಳದ್ದರಿಂದ ನೆರಳು ಮುರಿಯಲಿಲ್ಲ, ನೆರಳಿದ್ದುದರಿಂದ ನೆಲದ ತೇವ ಆರಲಿಲ್ಲ. ಆಮೇಲೆ ಮರ ಕಡಿದ ಕಡೆಗಳಲ್ಲಿ ಬಿಸಿಲು ಒಳಹೊಕ್ಕಿತು, ಹುಣಾಲು, ಮತ್ತಿ ಬಂದವು; ಎಷ್ಟೋ ಕಡೆ ಅಕೇಶಿಯಾ ನೆಟ್ಟರು.

ಬರ ಮೊದಲು ಕೈಹಾಕುವುದು ಸಸಿಗೆ, ಅದರ ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ. ಹಾಗಾಗಿ ಈಗ ಕಾನಿಗೆ ಹೋದರೆ ನಾನು ಮೊದಲು ನೆಲ ನೋಡುತ್ತೇನೆ. ಮೇಲೆ ಹಳೆಯ ಮರಗಳು ದಟ್ಟ ಹಸಿರಾಗಿದ್ದರೂ ಕೆಲವೆಡೆ ಕೆಳಗೆ ಅವುಗಳ ಒಂದು ಮರಿಯೂ ಇರುವುದಿಲ್ಲ.